ನೆಲಹಾಸಿನ ಕೆಳಗಿನ ನೆಲ

ಮನೆಯ ನೆಲವನ್ನು ಸಾರಿಸುವ ಮೊದಲು ಚಾಪೆಯನ್ನು ಎತ್ತಿ ಗೋಡೆಗೆ ಒರಗಿಸಬೇಕೆಂಬುದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಪೆಯ ಮೇಲೆಯೇ ಪೊರಕೆಯಾಡಿಸಿ, ಮನೆ ಶುದ್ಧವಾಯಿತೆನ್ನುವ ಸೊಸೆಯನ್ನು ಯಾವ ಅತ್ತೆಯೂ ಒಪ್ಪುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಹಾಸಿದ ಚಾಪೆ ಹಾಸಿದಂತೆಯೇ ಇದ್ದರೆ ಅದರ ಅಡಿಯ ನೆಲ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಒಮ್ಮೊಮ್ಮೆ ಗೆದ್ದಲೂ ಸೇರುತ್ತದೆ. ಇಷ್ಟನ್ನು ಚೆನ್ನಾಗಿ ಬಲ್ಲ ಮನೆಗಳವರೇ ಅಂಗಳದಲ್ಲಿ ನಿಂತಿರುವ ಗಾಡಿಯ ವಿಷಯ ಬಂದಾಗ ಇದನ್ನು ಮರೆತುಬಿಡುತ್ತಾರೆ.

ಮಲೆನಾಡಿನ ಅಂಚಿನ ಊರೊಂದರ ಓದುಗರು ನಮಗೊಂದು ಪ್ರಶ್ನೆಯನ್ನು ಬರೆದಿದ್ದಾರೆ. ಅವರ ಮಗ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡಿದ್ದಾನೆ. ಅಡಿಕೆ, ಶುಂಠಿ, ಗೊಬ್ಬರದ ಚೀಲ, ಹಾಲಿನ ಕ್ಯಾನು ಎಲ್ಲವೂ ಅದರಲ್ಲಿಯೇ. ಜಾತ್ರೆಗೆ, ಮದುವೆಗೆ ಮಕ್ಕಳುಮರಿ ಹೋಗುವುದೂ ಅದರಲ್ಲಿಯೇ. ಕ್ಯಾಬಿನ್ನಿನಲ್ಲಿ ಯಾವಾಗಲೂ ಮುಗ್ಗಲು ವಾಸನೆ. ಹಿಂದಿನ ಒಡೆಯರು ಹಾಕಿಸಿದ್ದ ಕಾರ್ಪೆಟ್ ಹರಿದು ಕಪ್ಪಾಗಿದೆ. “ಅದರ ಮೇಲೆಯೇ ಒಂದು ಹೊಸ ಹಾಸು ಹೊದಿಸಿದರೆ ಸಾಲದೆ?” ಎಂಬುದು ಅವರ ಪ್ರಶ್ನೆ. ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುತ್ತೇವೆ. ಪಾನಾ ಹಿಡಿದು ಬೋಲ್ಟು ಬಿಚ್ಚುವ ವಿದ್ಯೆ ನಮ್ಮದಲ್ಲ. ಆದರೆ ಅದನ್ನು ಬಲ್ಲ ಟಿಂಕರಿಂಗ್ ಮೇಸ್ತ್ರಿಗಳನ್ನು ಕೇಳಿ, ಅವರು ಕೆಲಸ ಮಾಡುವಾಗ ಬದಿಯಲ್ಲಿ ನಿಂತು ನೋಡಿ, ಮನನವಾದುದನ್ನು ಇಲ್ಲಿ ಹೇಳುತ್ತೇವೆ. ಉತ್ತರವನ್ನು ಮೊದಲೇ ತಿಳಿಸಿಬಿಡುವುದು ಒಳಿತು: ಸಾಲದು. ಹಳೆಯ ಹಾಸನ್ನು ಪೂರ್ತಿಯಾಗಿ ತೆಗೆಯಲೇಬೇಕು. ತೆಗೆದ ಬಳಿಕ ನೀರು ಎಲ್ಲಿಂದ ಬಂತೆಂಬುದನ್ನು ಕಂಡುಹಿಡಿಯದೆ ಹೊಸದನ್ನು ಹಾಸಲೇಬಾರದು.

ಪಿಕಪ್ ಎಂಬುದು ಹುಟ್ಟಿನಿಂದ ರೈತನ ಗಾಡಿ. ಅಮೆರಿಕೆಯ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಕಾರಿಗೆ ಹಿಂಬದಿಯಲ್ಲಿ ಸರಕಿನ ಪೆಟ್ಟಿಗೆ ಜೋಡಿಸಿ, ಕಾರ್ಖಾನೆಯಿಂದಲೇ ಪಿಕಪ್ ಎಂದು ಮಾರತೊಡಗಿದ್ದು 1925ರಲ್ಲಿ. ಅಂದಿನಿಂದ ಬಹುಕಾಲ ಇಂಥ ಗಾಡಿಗಳ ನೆಲಕ್ಕೆ ಬರಿಯ ತಗಡು, ಹೆಚ್ಚೆಂದರೆ ಒಂದು ರಬ್ಬರು ಹಾಸು. ಕೆಸರುಗಾಲಿನಲ್ಲಿ ಹತ್ತಿ ಇಳಿಯುವವನಿಗೆ ಅದೇ ಯೋಗ್ಯ. ಆ ದೇಶದಲ್ಲಿ ಪಿಕಪ್ ಹೊಲ ಬಿಟ್ಟು ಸಂಸಾರದ ವಾಹನವೂ ಆಗತೊಡಗಿದಾಗ, 1970ರ ದಶಕದ ಹೊತ್ತಿಗೆ, ಹೆಚ್ಚು ಬೆಲೆಯ ಮಾದರಿಗಳಲ್ಲಿ ಕಾರಿನಂತೆ ಕಾರ್ಪೆಟ್ ಕಾಣಿಸಿಕೊಂಡಿತು. ಇಂದು ಅಲ್ಲಿ ಹಳೆಯ ಪಿಕಪ್‌ಗಳನ್ನು ಜೀರ್ಣೋದ್ಧಾರ ಮಾಡುವವರು ಮೊಟ್ಟಮೊದಲು ಕಿತ್ತುಹಾಕುವುದು ಆ ಕಾರ್ಪೆಟ್ಟನ್ನೇ.

ನಮ್ಮಲ್ಲಿ ಕಥೆ ತುಸು ಬೇರೆ. 1947ರಿಂದ ಮಹೀಂದ್ರ ಕಂಪನಿ ಜೋಡಿಸತೊಡಗಿದ ಜೀಪುಗಳ ನೆಲ ಬಕೆಟ್ ನೀರು ಸುರಿದು ತೊಳೆಯುವಂತಿತ್ತು. 1988ರಲ್ಲಿ ಟಾಟಾದವರ ಟಾಟಾಮೊಬೈಲ್ ಬಂತು. ಆಮೇಲೆ ಬಗೆಬಗೆಯ ಪಿಕಪ್‌ಗಳು ಹಳ್ಳಿಹಳ್ಳಿಗೂ ಬಂದವು. ಸರಕು ಗಾಡಿಗಳಿಗೆ ಸಾಮಾನ್ಯವಾಗಿ ಹೊಂದುವುದು ರಬ್ಬರು ಅಥವಾ ರೆಕ್ಸಿನ್ ಹಾಸು. ಆದರೆ ಗಾಡಿ ಮನೆಗೆ ಬಂದ ವಾರದೊಳಗೆ ಅದನ್ನು ಕುಶನ್ ಅಂಗಡಿಗೆ ಒಯ್ದು, ಸೀಟಿಗೆ ಹೊಸ ಕವರು, ನೆಲಕ್ಕೆ ಮೆತ್ತನೆಯ ಮ್ಯಾಟಿಂಗ್ ಹಾಕಿಸುವುದು ನಮ್ಮವರ ಸಂಭ್ರಮ. ಹಾಸಿನ ಕೆಳಗೆ ಒಂದು ಪದರ ಫೆಲ್ಟ್ ಅಥವಾ ಸ್ಪಂಜು, ಅಂಚಿಗೆ ಅಂಟು, ಅಲ್ಲಲ್ಲಿ ಸ್ಕ್ರೂ. ನೋಡಲು ಅಂದ, ಕಾಲಿಗೆ ಹಿತ. ಎಂಜಿನ್ನಿನ ಸದ್ದನ್ನೂ ಬಿಸಿಯನ್ನೂ ತಗ್ಗಿಸುವುದರಲ್ಲಿ ಅದಕ್ಕೆ ಉಪಯೋಗವೂ ಉಂಟು. ಅದರ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ದೋಷವಿರುವುದು ಅದು ನೀರಿನೊಡನೆ ಮಾಡಿಕೊಳ್ಳುವ ಸ್ನೇಹದಲ್ಲಿ.

ಬರಿಯ ತಗಡಿನ ಮೇಲೆ ಬಿದ್ದ ನೀರು ಗಾಳಿಗೆ ಆರಿಹೋಗುತ್ತದೆ. ಫೆಲ್ಟು ಕುಡಿದ ನೀರು ಹಾಗೆ ಆರುವುದಿಲ್ಲ. ಮೇಲಿನ ಹಾಸು ಒಣಗಿದಂತೆ ಕಂಡರೂ ಕೆಳಗಿನ ಪದರ ವಾರಗಟ್ಟಲೆ ತೇವವಾಗಿರುತ್ತದೆ. ಗಾಯಕ್ಕೆ ಕಟ್ಟಿದ ಒದ್ದೆ ಬಟ್ಟೆಯಂತೆ ಅದು ತಗಡನ್ನು ಹಗಲಿರುಳು ಅಪ್ಪಿಕೊಂಡಿರುತ್ತದೆ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಈ ಮೂರೂ ಕೂಡಿದರೆ ತುಕ್ಕು. ಇವುಗಳ ಜೊತೆಗೆ ಲವಣ ಸೇರಿದರೆ ತುಕ್ಕಿಗೆ ವೇಗ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಗಾಳಿಯೇ ಉಪ್ಪನ್ನು ತಂದುಕೊಡುತ್ತದೆ. ಸಮುದ್ರವನ್ನೇ ಕಾಣದ ಬಯಲುಸೀಮೆಯ ಗಾಡಿಗೆ ಉಪ್ಪೆಲ್ಲಿಂದ ಬಂತೆಂದು ಕೇಳಬಹುದು. ಗೊಬ್ಬರದಿಂದ ಬಂತು. ಪೊಟ್ಯಾಷ್ ಎಂದು ನಾವು ಹೊಲಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಡಿಗೆಯ ಉಪ್ಪಿನ ಹತ್ತಿರದ ನೆಂಟ, ಎರಡೂ ಕ್ಲೋರೈಡುಗಳೇ. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಂಡು ನೀರಾಡುವುದನ್ನು ಪ್ರತಿಯೊಬ್ಬ ರೈತನೂ ಕಂಡಿದ್ದಾನೆ. ಮಳೆ ಬಂತೆಂದು ಹಿಂದಿನ ಪೆಟ್ಟಿಗೆಯ ಅರ್ಧ ಚೀಲವನ್ನು ಕ್ಯಾಬಿನ್ನಿನೊಳಗೆ ಕಾಲಬಳಿ ಇಟ್ಟುಕೊಂಡರೆ, ಸೋರಿದ ಹರಳುಗಳು ಕಾರ್ಪೆಟ್ಟಿನ ಎಳೆಗಳೊಳಗೆ ಇಳಿದು ಅಲ್ಲಿಯೇ ಮನೆ ಮಾಡುತ್ತವೆ.

ಗಾಡಿಯ ನೆಲದ ತಗಡು ಸುಮಾರು ಒಂದು ಮಿಲಿಮೀಟರಿನ ಆಸುಪಾಸಿನದು. ತುಕ್ಕು ಮೊದಲು ಬಣ್ಣದ ಕೆಳಗೆ ಗುಳ್ಳೆಯಾಗಿ ಏಳುತ್ತದೆ, ಏಕೆಂದರೆ ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಗುಳ್ಳೆ ಒಡೆದು ಹಕ್ಕಳೆಯಾಗುತ್ತದೆ. ಕೊನೆಗೆ ಒಂದು ದಿನ ರಸ್ತೆ ಕಾಣುತ್ತದೆ. ವಿಪರ್ಯಾಸವೆಂದರೆ, ಒಳಗೆ ಕುಳಿತವನಿಗೆ ಆ ರಸ್ತೆ ಕಾಣುವುದೇ ಇಲ್ಲ. ಮೇಲೆ ಕಾರ್ಪೆಟ್ ಇದೆಯಲ್ಲ!

ತೂತು ಬಿದ್ದರೆ ಆಗುವ ನಷ್ಟ ತಗಡಿನದು ಮಾತ್ರವೆಂದು ಭಾವಿಸಬಾರದು. ಸೀಟು ನಿಂತಿರುವುದು ಆ ನೆಲದ ಮೇಲೆ. ಸೀಟ್ ಬೆಲ್ಟಿನ ಕೆಳತುದಿ ಸಾಮಾನ್ಯವಾಗಿ ಬೋಲ್ಟಾಗಿರುವುದೂ ಆ ನೆಲಕ್ಕೆ ಅಥವಾ ಅದಕ್ಕೆ ಹೊಂದಿದ ಅಂಚಿಗೆ. ಬೆಲ್ಟು ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಹಿಡಿದ ತಗಡು ಹಪ್ಪಳವಾಗಿದ್ದರೆ ಅಪಘಾತದ ಕ್ಷಣದಲ್ಲಿ ಬೆಲ್ಟು, ಸೀಟು, ಕುಳಿತ ಮನುಷ್ಯ ಮೂವರೂ ಒಟ್ಟಿಗೇ ಮುಂದಕ್ಕೆ ಹಾರುತ್ತಾರೆ. ಇದು ಮೊದಲನೆಯ ಅಪಾಯ.

ಎರಡನೆಯದು ಕಣ್ಣಿಗೆ ಕಾಣದ್ದು. ಎಂಜಿನ್ನಿನ ಹೊಗೆಯ ಕೊಳವೆ ಕ್ಯಾಬಿನ್ನಿನ ಕೆಳಗೇ ಹಾದುಹೋಗುತ್ತದೆ. ಹಳೆಯ ಗಾಡಿಯಲ್ಲಿ ಆ ಕೊಳವೆಯ ಜೋಡಣೆಯೂ ಸಡಿಲ, ನೆಲವೂ ತೂತು ಎಂದಾದರೆ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿದ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಅದರ ಲಕ್ಷಣಗಳು. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅನಿಲ ಹೆಚ್ಚು, ಡೀಸೆಲಿನಲ್ಲಿ ಕಡಿಮೆ. ಕಡಿಮೆಯೆಂದ ಮಾತ್ರಕ್ಕೆ ಡೀಸೆಲ್ ಹೊಗೆ ಉಸಿರಾಡಲು ಯೋಗ್ಯವೆಂದಲ್ಲ. ಚಳಿಯ ರಾತ್ರಿಯಲ್ಲಿ ಗಾಜು ಏರಿಸಿಕೊಂಡು ದೂರದ ಊರಿಗೆ ಹೊರಟಾಗ ಮಕ್ಕಳು ಬೇಗ ನಿದ್ದೆಹೋದರೆ ನಾವು ದಣಿವೆಂದುಕೊಳ್ಳುತ್ತೇವೆ. ಗಾಡಿಯಲ್ಲಿ ಕುಳಿತವರಿಗೆಲ್ಲ ತಲೆನೋಯುತ್ತಿದೆ, ಇಳಿದು ಗಾಳಿಗೆ ನಿಂತರೆ ಹೋಗುತ್ತದೆ ಎಂದಾದರೆ, ಆ ಗಾಡಿಯ ನೆಲವನ್ನೂ ಹೊಗೆಕೊಳವೆಯನ್ನೂ ಪರೀಕ್ಷಿಸದೆ ಮುಂದಿನ ಪ್ರಯಾಣ ಹೊರಡಬಾರದು.

ಇನ್ನು ಕೆಲಸದ ಕ್ರಮ. ಇದಕ್ಕೆ ಯೋಗ್ಯ ಕಾಲ ಬೇಸಗೆ. ಮೃಗಶಿರಾ ಮಳೆ ಹಿಡಿಯುವ ಮೊದಲು, ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ಎರಡು ಮೂರು ದಿನ ಗಾಡಿಗೆ ಬಾಡಿಗೆಯಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕು. ಹಿಂದಿನ ಸಂಜೆಯೇ ಸೀಟಿನ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಬೇಕು. ಬೆಳಗಾಗುವಷ್ಟರಲ್ಲಿ ಅದು ಎಳೆಗಳೊಳಗೆ ಇಳಿದಿರುತ್ತದೆ. ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿಡಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಬಿಚ್ಚುವ ಪ್ರತಿಯೊಂದು ಹಂತದಲ್ಲೂ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರಳಿ ಜೋಡಿಸುವಾಗ ಯಾವ ಸ್ಕ್ರೂ ಎಲ್ಲಿಯದೆಂಬ ಗೊಂದಲವಿರದು. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಹಾಕದೆ, ಬೇರೆ ಬೇರೆ ಬಟ್ಟಲುಗಳಲ್ಲಿ ಇಟ್ಟು ಹೆಸರು ಬರೆದಿಡುವುದು ಜಾಣತನ.

ಮೊದಲು ಸೀಟು ಹೊರಬರಬೇಕು. ಕೆಲವು ಬೋಲ್ಟುಗಳಿಗೆ ನಟ್ಟು ನೆಲದ ಕೆಳಭಾಗದಲ್ಲಿರುತ್ತದೆ. ಮೇಲೊಬ್ಬರು, ಕೆಳಗೊಬ್ಬರು ಪಾನಾ ಹಿಡಿಯಬೇಕಾಗುತ್ತದೆ. ಜಾಮಾದ ಬೋಲ್ಟನ್ನು ರಟ್ಟೆಯ ಬಲದಿಂದ ತಿರುಚಿದರೆ ತಲೆ ಮುರಿಯುತ್ತದೆ, ಇಲ್ಲವೇ ಜೀರ್ಣವಾದ ತಗಡೇ ಅದರೊಡನೆ ಕಿತ್ತುಬರುತ್ತದೆ. ಮತ್ತೆ ಎಣ್ಣೆ ಬಿಟ್ಟು ಕಾಯುವುದೇ ಲೇಸು. ಉದ್ದನೆಯ ಸೀಟನ್ನು ಇಬ್ಬರು ಹಿಡಿದು ಇಳಿಸಬೇಕು. ಆ ಬಳಿಕ ಬಾಗಿಲ ಹೊಸ್ತಿಲಿನ ಪಟ್ಟಿ, ಕಾಲಿನ ಬದಿಯ ಪ್ಲಾಸ್ಟಿಕ್ ಹಲಗೆ, ಸೀಟ್ ಬೆಲ್ಟಿನ ಕೆಳಬೋಲ್ಟು, ಗೇರ್ ಕಡ್ಡಿಯ ರಬ್ಬರು ಬೂಟು, ಕೈಬ್ರೇಕಿನ ಮುಸುಕು, ಇವಿಷ್ಟನ್ನು ಬಿಚ್ಚಿದರೆ ಹಾಸು ಬಿಡುಗಡೆಯಾಗುತ್ತದೆ. ಅಂಚಿನಿಂದ ಒಳಕ್ಕೆ ಮೆಲ್ಲಗೆ ಸುತ್ತುತ್ತ ಬರಬೇಕು. ಕೆಳಗೆ ತಂತಿಗಳು ಹಾದಿರಬಹುದು. ಜಗ್ಗಿ ಎಳೆದರೆ ಅವೂ ಹರಿಯುತ್ತವೆ. ಹಳೆಯ ಹಾಸು ಎಷ್ಟೇ ಹೊಲಸಾಗಿದ್ದರೂ ಕೂಡಲೇ ಎಸೆಯಬಾರದು. ಹೊಸದನ್ನು ಕತ್ತರಿಸಲು ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಸಿಗುವುದಿಲ್ಲ.

ಬಹುದಿನ ನಿಂತಿದ್ದ ಗಾಡಿಯಾದರೆ ಇಲ್ಲೊಂದು ಎಚ್ಚರಿಕೆ. ಬೆಚ್ಚನೆಯ ಫೆಲ್ಟು ಇಲಿಗಳಿಗೆ ಬಾಣಂತಿಕೋಣೆ. ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದ ಇಲಿಜ್ವರದ ಹೆಸರು ಕೇಳದವರಿಲ್ಲ. ಇಲಿಯ ಮೂತ್ರದಲ್ಲಿರುವ ರೋಗಾಣು ನಮ್ಮ ಕೈಕಾಲಿನ ಗಾಯದ ಮೂಲಕ ದೇಹವನ್ನು ಸೇರುತ್ತದೆ. ಆದುದರಿಂದ ಬರಿಗೈ ಹಾಕದೆ ರಬ್ಬರು ಕೈಚೀಲ, ಮೂಗಿಗೆ ಮುಸುಕು ಧರಿಸಬೇಕು. ಹಿಕ್ಕೆ, ಗೂಡು ಕಂಡರೆ ಒಣ ಪೊರಕೆಯಿಂದ ಗುಡಿಸಿ ದೂಳೆಬ್ಬಿಸದೆ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ನೆನೆಯಲು ಬಿಟ್ಟು, ಬಟ್ಟೆಯಿಂದ ಒರಸಿ ತೆಗೆಯಬೇಕು. ಚಿಕ್ಕ ಮಕ್ಕಳನ್ನು ಆ ದಿನ ಗಾಡಿಯ ಬಳಿ ಬಿಟ್ಟುಕೊಳ್ಳಬಾರದು.

ಹಾಸು ಎದ್ದ ಮೇಲೆ ಕಾಣುವ ನೆಲವನ್ನು ಓದಬೇಕು. ಓದುವುದೆಂದೇ ಹೇಳುತ್ತೇವೆ, ಏಕೆಂದರೆ ನೀರು ತಾನು ಬಂದ ದಾರಿಯನ್ನು ಅಲ್ಲಿ ಬರೆದಿಟ್ಟಿರುತ್ತದೆ. ಮುಂಭಾಗದ ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಕಂದು ಗೆರೆ ಇದ್ದರೆ ಮುಂದಿನ ಗಾಜಿನ ರಬ್ಬರು ಬೀಡಿಂಗ್ ಸೀಳಿದೆ ಎಂದರ್ಥ. ಅಥವಾ ಗಾಜಿನ ಕೆಳಗಿನ ಗಾಳಿಜಾಲರಿಯ ನೀರುಗಂಡಿಯಲ್ಲಿ ಎಲೆ ಕಸ ತುಂಬಿ, ನೀರು ಹೊರಹೋಗಲಾರದೆ ಒಳಗೆ ನುಗ್ಗಿದೆ. ಮರದಡಿ ನಿಲ್ಲುವ ಗಾಡಿಗಳಲ್ಲಿ ಇದು ತೀರ ಸಾಮಾನ್ಯ. ಬಾಗಿಲಿನ ಅಂಚಿನುದ್ದಕ್ಕೂ ತುಕ್ಕಿದ್ದರೆ ಬಾಗಿಲ ಬೀಡಿಂಗ್ ಸತ್ತಿದೆ, ಇಲ್ಲವೇ ಬಾಗಿಲ ತಳದ ಸಣ್ಣ ರಂಧ್ರಗಳು ಮಣ್ಣಿನಿಂದ ಮುಚ್ಚಿವೆ. ಏಸಿ ಇರುವ ಗಾಡಿಯಾದರೆ ಅದರ ಬೆವರು ನೀರನ್ನು ಹೊರಕ್ಕೆ ಒಯ್ಯುವ ಕೊಳವೆ ಕಟ್ಟಿಕೊಂಡಿರಬಹುದು. ಕಾಲಿಟ್ಟ ಜಾಗದಲ್ಲಿ ಮಾತ್ರ ದುಂಡಗೆ ತುಕ್ಕಿದ್ದರೆ ಅದು ಮಳೆಗಾಲದ ಒದ್ದೆ ಚಪ್ಪಲಿಯ ಕಾಣಿಕೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ, ಬೇರೆ ಯಾವ ಸೋರಿಕೆಯೂ ಇಲ್ಲದಿದ್ದರೂ ಚಪ್ಪಲಿ ತಂದ ನೀರೇ ಫೆಲ್ಟನ್ನು ತೋಯಿಸಲು ಸಾಕು.

ಎಲ್ಲ ತೇವವೂ ಮಳೆನೀರಲ್ಲ. ಜಿಗುಟಾಗಿ, ಬಣ್ಣವಾಗಿ, ಸಿಹಿ ವಾಸನೆಯಿದ್ದರೆ ಅದು ಹೀಟರಿನಿಂದ ಸೋರಿದ ಕೂಲಂಟ್. ಅದು ವಿಷ, ನಾಯಿ ಬೆಕ್ಕುಗಳು ನೆಕ್ಕಲು ಬಿಡಬಾರದು. ಚಾಲಕನ ಕಾಲಬಳಿ, ಪೆಡಲುಗಳ ಹಿಂದಿನಿಂದ ಎಣ್ಣೆಯಂತಹ ದ್ರವ ಇಳಿದು ಬಣ್ಣವನ್ನು ಸುಲಿದಿದ್ದರೆ ಅದು ಬಹುಶಃ ಬ್ರೇಕ್ ಆಯಿಲ್. ಬ್ರೇಕಿನ ಅಥವಾ ಕ್ಲಚ್ಚಿನ ಮಾಸ್ಟರ್ ಸಿಲಿಂಡರ್ ಒಳಗಡೆಗೆ ಸೋರುತ್ತಿದೆ ಎಂದು ತಿಳಿಯಬೇಕು. ಎಷ್ಟೋ ಗಾಡಿಗಳಲ್ಲಿ ಈ ಎಣ್ಣೆಯನ್ನು ಕಾರ್ಪೆಟ್ ಕುಡಿದು ಬಿಡುವುದರಿಂದ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಡಬ್ಬಿಯಲ್ಲಿ ಮಾತ್ರ ಎಣ್ಣೆ ಇಳಿಯುತ್ತಿರುತ್ತದೆ. ಮುಗ್ಗಲು ವಾಸನೆಯ ನೆಪದಲ್ಲಿ ಹಾಸು ಎತ್ತಿದವರು ಬ್ರೇಕಿನ ಸೋರಿಕೆಯನ್ನು ಕಂಡರೆ, ಆ ದಿನದ ಕಾಯಕ ಅಷ್ಟರಿಂದಲೇ ಸಾರ್ಥಕ. ಆದರೆ ಆ ಸೋರಿಕೆಯನ್ನು ಮೆಕ್ಯಾನಿಕ್ಕನಿಂದ ಸರಿಪಡಿಸುವ ತನಕ ಗಾಡಿ ರಸ್ತೆಗಿಳಿಯಬಾರದು.

ಬಳಿಕ ಅಂಟಿನ ಶೇಷವನ್ನು ತೆಗೆಯಬೇಕು. ಮರದ ಅಥವಾ ಪ್ಲಾಸ್ಟಿಕ್ಕಿನ ಹೆರೆಯುವ ಪಟ್ಟಿಯಿಂದ ಬಂದಷ್ಟು ಬರಲಿ. ಉಳಿದದ್ದಕ್ಕೆ ಬಟ್ಟೆಯಲ್ಲಿ ಟರ್ಪೆಂಟೈನ್ ಅದ್ದಿ, ಬಾಗಿಲುಗಳನ್ನು ತೆರೆದಿಟ್ಟು ಒರಸಬೇಕು. ಬೇಗ ಬಿಡುತ್ತದೆಂದು ಪೆಟ್ರೋಲ್ ಬಳಸುವವರಿದ್ದಾರೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಕೆಲವು ಗಾಡಿಗಳ ತಗಡಿಗೆ ಸದ್ದಡಗಿಸಲು ಡಾಂಬರಿನಂಥ ಕಪ್ಪು ಹಾಳೆ ಹಚ್ಚಿರುತ್ತಾರೆ. ಅದು ಬಿಗಿಯಾಗಿ ಕೂತಿದ್ದರೆ ಅದರ ಪಾಡಿಗೆ ಬಿಡಬಹುದು. ಎದ್ದುಬಂದ ಕಡೆ ಮಾತ್ರ ತೆಗೆಯಬೇಕು, ಏಕೆಂದರೆ ಅದರಡಿಯಲ್ಲೂ ನೀರು ನಿಂತಿರುತ್ತದೆ.

ಈಗ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಗೇಣು ಗೇಣಿಗೆ ಕುಟ್ಟುತ್ತ ಹೋಗಬೇಕು. ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವುದಿಲ್ಲವೆ, ಹಾಗೆ. ಗಟ್ಟಿ ತಗಡಿನ ನಾದ ಬೇರೆ, ಕೊಳೆತ ತಗಡಿನ ಸಪ್ಪಳ ಬೇರೆ. ಅನುಮಾನ ಬಂದಲ್ಲಿ ಮೊನೆಯಿಂದ ಒತ್ತಿ ನೋಡಬೇಕು. ತುಕ್ಕು ಮೂರು ಬಗೆ. ಮೇಲ್ಮೈಯ ತುಕ್ಕಾದರೆ ತಂತಿಬ್ರಷ್ಷು, ಎಮರಿ ಕಾಗದಗಳಿಂದ ಹೊಳೆಯುವ ಲೋಹ ಕಾಣುವಷ್ಟು ಉಜ್ಜಿ, ಒರಸಿ, ಒಣಗಿಸಿ, ರೆಡ್ ಆಕ್ಸೈಡ್ ಅಥವಾ ಅದಕ್ಕಿಂತ ಉತ್ತಮವಾದ ಎಪಾಕ್ಸಿ ಪ್ರೈಮರ್ ಹಚ್ಚಿ, ಅದು ಆರಿದ ಮೇಲೆ ಬಣ್ಣದ ಎರಡು ಕೈ ಕೊಟ್ಟರೆ ಸಾಕು. ಇದನ್ನು ಮನೆಯವರೇ ಮಾಡಿಕೊಳ್ಳಬಹುದು. ಎರಡನೆಯದು ಗುಳಿಗುಳಿಯಾಗಿ ತಗಡನ್ನು ತಿಂದ ತುಕ್ಕು. ಉಜ್ಜಿದರೂ ಗುಳಿಗಳಲ್ಲಿ ಉಳಿಯುವ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುಪರಿವರ್ತಕ ದ್ರವ ದೊರೆಯುತ್ತದೆ. ಅದನ್ನು ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಮುಂದುವರಿಯಬೇಕು. ಆದರೆ ಇಂಥ ಗುಳಿಗಳು ಸೀಟಿನ ಅಥವಾ ಬೆಲ್ಟಿನ ಬೋಲ್ಟಿನ ಸುತ್ತ ಇದ್ದರೆ ಸ್ವಂತ ತೀರ್ಮಾನ ಬೇಡ, ಮೇಸ್ತ್ರಿಗೆ ತೋರಿಸಬೇಕು.

ಮೂರನೆಯದು ತೂತು. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವ ಕೆಲಸ ಅಗ್ಗ, ಅದು ಕಾಣುವುದೂ ಚೆನ್ನಾಗಿ. ಪುಟ್ಟಿಗೆ ಭಾರ ಹೊರುವ ಶಕ್ತಿಯಿಲ್ಲ ಎಂಬುದೊಂದೇ ಕೊರತೆ! ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ವೆಲ್ಡ್ ಮಾಡಿಸಿ, ಜೋಡಣೆಯ ಗೆರೆಗೆ ಸೀಲರ್ ತುಂಬಿಸಿ, ಮೇಲೂ ಕೆಳಗೂ ಬಣ್ಣ ಕೊಡಿಸುವುದೊಂದೇ ಸರಿಯಾದ ದಾರಿ. ವೆಲ್ಡಿಂಗಿಗೆ ಮುನ್ನ ಕೆಳಗೆ ಇಣುಕಿ ನೋಡಬೇಕು: ಡೀಸೆಲ್ ಕೊಳವೆ, ಬ್ರೇಕ್ ಪೈಪು, ತಂತಿಗಳ ಕಟ್ಟು ಅಲ್ಲಿಯೇ ಹಾದಿರುತ್ತವೆ. ಅವುಗಳನ್ನು ಸರಿಸಿ, ಬೆಂಕಿಯಾರಿಸುವ ಸಿಲಿಂಡರನ್ನು ಕೈಗೆಟುಕುವಂತೆ ಇಟ್ಟುಕೊಳ್ಳದ ಮೇಸ್ತ್ರಿಗೆ ಕೆಲಸ ಕೊಡಬಾರದು.

ಬಣ್ಣ ಒಣಗಿದ ಕೂಡಲೇ ಹೊಸ ಹಾಸಿಗೆ ಅವಸರ ಪಡುವವರೇ ಹೆಚ್ಚು. ಇಲ್ಲಿಯೇ ತಾಳ್ಮೆ ಬೇಕಾದದ್ದು. ಮೊದಲು ನೀರಿನ ಪರೀಕ್ಷೆ ಆಗಲಿ. ಒಳಗಿನ ಬದಿಗಳಿಗೆ ಸೀಮೆಸುಣ್ಣದ ಪುಡಿ ಉದುರಿಸಿ, ಒಬ್ಬರು ಬ್ಯಾಟರಿದೀಪ ಹಿಡಿದು ಒಳಗೆ ಕುಳಿತುಕೊಳ್ಳಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಆರಂಭಿಸಿ ಒಂದೊಂದು ಭಾಗಕ್ಕೆ ಕೆಲವು ನಿಮಿಷ ಕೊಟ್ಟು ಮೇಲಕ್ಕೆ ಹೋಗಬೇಕು: ಮೊದಲು ಬಾಗಿಲ ತಳ, ಆಮೇಲೆ ಬಾಗಿಲ ಅಂಚು, ಆಮೇಲೆ ಗಾಜಿನ ಕೆಳಗಿನ ಜಾಲರಿ, ಕೊನೆಗೆ ಗಾಜು, ಮಾಡು. ಮೇಲಿನಿಂದ ಆರಂಭಿಸಿದರೆ ಒಂದೇ ಸಲಕ್ಕೆ ಎಲ್ಲೆಡೆ ನೀರಾಗಿ, ಯಾವ ಬಿರುಕಿನ ಕೆಲಸವಿದು ಎಂದು ತಿಳಿಯುವುದೇ ಇಲ್ಲ. ಸುಣ್ಣದ ಪುಡಿಯ ಮೇಲೆ ಮೂಡುವ ಒದ್ದೆ ಗೆರೆ ಸೋರಿಕೆಯ ಮೂಲವನ್ನು ಬೆರಳಿಟ್ಟು ತೋರಿಸುತ್ತದೆ. ಅದನ್ನು ಮುಚ್ಚಿ, ಮತ್ತೊಮ್ಮೆ ಪರೀಕ್ಷಿಸಿ, ಒಳಗೆ ಒಂದು ಹನಿಯೂ ಬರುವುದಿಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಮಾತು. ಬೀಡಿಂಗಿನ ಬೆಲೆ, ಕಸ ತೆಗೆಯುವ ಶ್ರಮ ಇವೆರಡೂ ಹೊಸ ಕಾರ್ಪೆಟ್ಟಿನ ಮುಂದೆ ಅಲ್ಪ. ಆದರೂ ಕಾರ್ಪೆಟ್ಟಿಗೆ ಹಣ ತೆಗೆಯುವ ಕೈ ಬೀಡಿಂಗಿಗೆ ಹಿಂದೆಗೆಯುತ್ತದೆ. ಕಾರ್ಪೆಟ್ ಬಂದವರಿಗೆ ಕಾಣುತ್ತದೆ, ಬೀಡಿಂಗ್ ಯಾರಿಗೂ ಕಾಣುವುದಿಲ್ಲ; ಕಾರಣ ಇಷ್ಟೇ.

ಹಾಗಾದರೆ ಹೊಸದಾಗಿ ಏನನ್ನು ಹಾಸಬೇಕು? ದುಡಿಯುವ ಗಾಡಿಗೆ ನಮ್ಮ ಸಲಹೆ, ಎತ್ತಿ ತೊಳೆದು ಬಿಸಿಲಿಗೆ ಹಾಕಬಹುದಾದ ದಪ್ಪ ರಬ್ಬರು ಹಾಸು. ಸದ್ದು, ಬಿಸಿ ಹೆಚ್ಚೆನಿಸಿದರೆ ಅದರ ಕೆಳಗೆ ನೀರು ಹೀರದ ಫೋಮ್ ಹಾಳೆಯನ್ನು ಹಾಕಿಸಬಹುದು. ಫೆಲ್ಟು, ಗೋಣಿ, ಸಾಮಾನ್ಯ ಸ್ಪಂಜು ಬೇಡ. ಕಾರ್ಪೆಟ್ಟೇ ಬೇಕೆನ್ನುವವರು ಅದನ್ನು ಅಂಟಿನಿಂದ ಶಾಶ್ವತವಾಗಿ ಬಂಧಿಸದೆ, ಬಿಚ್ಚಿ ಎತ್ತಲು ಬರುವಂತೆ ಕೂರಿಸಿಕೊಳ್ಳಲಿ. ಹಾಸಿನ ಮೇಲೆ ಹಾಸು ಪೇರಿಸುವ ಅಭ್ಯಾಸವನ್ನಂತೂ ಬಿಡಬೇಕು. ಸಡಿಲವಾದ ಮೇಲ್ಹಾಸು ಮುಂದಕ್ಕೆ ಜಾರಿ ಪೆಡಲಿನಡಿ ಸಿಕ್ಕಿಕೊಳ್ಳುತ್ತದೆ. ಅಮೆರಿಕೆಯಲ್ಲಿ 2009ರ ಆಗಸ್ಟಿನಲ್ಲಿ ಹೊಂದದ ರಬ್ಬರು ಹಾಸೊಂದು ಆ್ಯಕ್ಸಿಲರೇಟರನ್ನು ಹಿಡಿದುಕೊಂಡು ಕಾರೊಂದರಲ್ಲಿದ್ದ ನಾಲ್ವರೂ ತೀರಿಕೊಂಡರು. ಅದೇ ವರ್ಷ ಟೊಯೋಟಾ ಕಂಪನಿ ಈ ಕಾರಣದಿಂದ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಹಾಸನ್ನು ತೆಗೆದಿಡುವಂತೆ ತಿಳಿಸಬೇಕಾಯಿತು. ಹೊಸ ಹಾಸು ಕೂರಿಸಿದ ಮೇಲೆ ಮೂರೂ ಪೆಡಲುಗಳನ್ನು ಕೊನೆಯವರೆಗೆ ಒತ್ತಿ ಬಿಟ್ಟು, ಯಾವುದೂ ತಾಗುವುದಿಲ್ಲವೆಂದು ನೋಡಿಕೊಳ್ಳುವುದು ಕಡ್ಡಾಯ. ಸೀಟಿನ ಹಾಗೂ ಬೆಲ್ಟಿನ ಬೋಲ್ಟುಗಳು ಸಡಿಲವಾಗಿ ಉಳಿದಿಲ್ಲವೆಂದು ಇನ್ನೊಬ್ಬರ ಕೈಯಿಂದಲೂ ಪರೀಕ್ಷೆ ಮಾಡಿಸಬೇಕು.

ಹಳೆಯ ಗಾಡಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಮಾರುವವರು ಬಣ್ಣ ತೋರಿಸುತ್ತಾರೆ, ಟೈರು ತೋರಿಸುತ್ತಾರೆ, ಎಂಜಿನ್ನಿನ ಸದ್ದು ಕೇಳಿಸುತ್ತಾರೆ. ಮುಂಗಡ ಕೊಡುವ ಮೊದಲು “ಚಾಲಕನ ಬದಿಯ ಹಾಸಿನ ಒಂದು ಮೂಲೆಯನ್ನು ಎತ್ತಿ ತೋರಿಸಿರಿ” ಎಂದು ವಿನಯದಿಂದ ಕೇಳಬೇಕು. ಹಳೆಯ ಗಾಡಿಗೆ ಥಳಥಳಿಸುವ ಹೊಸ ಕಾರ್ಪೆಟ್ ಇದ್ದರಂತೂ ಅವಶ್ಯವಾಗಿ ಕೇಳಬೇಕು. ಮರ್ಯಾದಸ್ಥ ಮಾರಾಟಗಾರ ಬೇಸರಪಡುವುದಿಲ್ಲ. ಕೈಯಿಂದ ಹಾಸನ್ನು ಒತ್ತಿದಾಗ ತಂಪಾದ ತೇವ ಬೆರಳಿಗೆ ತಾಗಿದರೆ, ಗಾಡಿಯ ಬೆಲೆಯ ಜೊತೆಗೆ ನೆಲದ ಬೆಲೆಯನ್ನೂ ಲೆಕ್ಕ ಹಾಕಿಕೊಂಡು ಮಾತಾಡಬೇಕು. ಮಾರುವ ಕಡೆ ನಮ್ಮವರೇ ಇದ್ದಾಗ ಈ ಧರ್ಮ ಇನ್ನೂ ಬಿಗಿಯಾದದ್ದು. ನೆಲ ತೂತಾಗಿದೆಯೆಂದು ಬಲ್ಲವರು ಅದರ ಮೇಲೆ ಹೊಸ ಹಾಸು ಹಾಸಿ, ಇನ್ನೊಬ್ಬರ ಮಕ್ಕಳನ್ನು ಅದರ ಮೇಲೆ ಕೂರಿಸುವುದು ವ್ಯಾಪಾರವೆನಿಸಲಾರದು. ದೋಷವನ್ನು ಹೇಳಿ, ಬೆಲೆ ತಗ್ಗಿಸಿ ಕೊಟ್ಟವರಿಗೆ ಕೆಲವು ಸಾವಿರ ನಷ್ಟವಾಗಬಹುದು. ಆದರೆ ರಾತ್ರಿಯ ನಿದ್ದೆ ಕೆಡುವುದಿಲ್ಲ.

ಪ್ರಶ್ನೆ ಕೇಳಿದ ಓದುಗರು ಮಗನೊಡನೆ ಕುಳಿತು ಈ ಪುಟವನ್ನು ಓದಲಿ. ಬಿಸಿಲಿರುವ ಒಂದು ದಿನ ನೋಡಿ ಹಾಸನ್ನು ಎತ್ತಲಿ. ನೆಲ ಗಟ್ಟಿಯಾಗಿದ್ದರೆ ಒಂದು ಡಬ್ಬಿ ಪ್ರೈಮರಿನಲ್ಲಿ ಕೆಲಸ ಮುಗಿಯಿತು, ಮನಸ್ಸೂ ಹಗುರವಾಯಿತು. ಗಟ್ಟಿಯಿಲ್ಲದಿದ್ದರೆ ಅದು ತಿಳಿದದ್ದೇ ದೊಡ್ಡ ಲಾಭ. ಮುಂದೆ ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುನ್ನ ಒಮ್ಮೆ, ದೀಪಾವಳಿಯ ಹೊತ್ತಿಗೆ ಗಾಡಿ ತೊಳೆದು ಪೂಜಿಸುವಾಗ ಇನ್ನೊಮ್ಮೆ, ಹಾಸನ್ನು ಎತ್ತಿ ಗಾಳಿಯಾಡಿಸುವ ರೂಢಿಯನ್ನು ಮನೆಯಲ್ಲಿ ಬೆಳೆಸಿಕೊಂಡರೆ ಸಾಕು. ಚಕ್ರಕ್ಕೆ ನಿಂಬೆಹಣ್ಣು ಇಡುವ ಕೈಗೆ ಹಾಸಿನ ಮೂಲೆಯನ್ನು ಎತ್ತಿ ನೋಡುವುದು ಭಾರವಾಗದು.